ಖಾಲಿ ಬಿಟ್ಟ ಕಾಲಂಗಳು

ನ್ಯೂಯಾರ್ಕ್ ನಗರದ ಪ್ರೈಮರಿಯ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಆ ಪಕ್ಷದ ಮತದಾರರೇ ಆರಿಸುವ ಚುನಾವಣೆಯ ಮತಪತ್ರವನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ ಯಾರಿಗಾದರೂ ಸ್ವಲ್ಪ ಗಾಬರಿಯಾಗುತ್ತದೆ. ಎಡಗಡೆ ಅಭ್ಯರ್ಥಿಗಳ ಹೆಸರು ಒಂದರ ಕೆಳಗೊಂದು. ಬಲಗಡೆ ಐದು ಕಾಲಂ: ಮೊದಲ ಆಯ್ಕೆ, ಎರಡನೇ ಆಯ್ಕೆ, ಹೀಗೆ ಐದರವರೆಗೆ. ಪ್ರತಿ ಹೆಸರಿನ ಮುಂದೆ ಐದು ಪುಟ್ಟ ಸೊನ್ನೆಗಳು. 2025ರ ಜೂನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಮೇಯರ್ ಪ್ರೈಮರಿಗೆ 11 ಜನ ನಿಂತಿದ್ದರು. ಅಂದರೆ ಆ ಒಂದು ಹುದ್ದೆಗೇ 55 ಸೊನ್ನೆಗಳು. ಅದರಲ್ಲಿ ಹೆಚ್ಚೆಂದರೆ ಐದನ್ನು ಪೆನ್ನಿನಿಂದ ತುಂಬಬೇಕು, ಒಂದು ಕಾಲಂನಲ್ಲಿ ಒಂದೇ. ಒಂದೇ ಕಾಲಂನಲ್ಲಿ ಇಬ್ಬರಿಗೆ ತುಂಬಿದರೆ ಆ ಸ್ಥಾನದ ಓಟು ಹಾಳು. ಒಬ್ಬರಿಗೇ ಐದೂ ಕಾಲಂ ತುಂಬಿದರೆ ಐದು ಓಟಾಗುವುದಿಲ್ಲ, ಒಂದೇ ಓಟು.

ಎಣಿಸುವ ಕ್ರಮ ಮಾತ್ರ ಸರಳ. ಮೊದಲು ಎಲ್ಲರ ಮೊದಲ ಆಯ್ಕೆಯನ್ನು ಎಣಿಸುತ್ತಾರೆ. ಯಾರಿಗಾದರೂ ಅರ್ಧಕ್ಕಿಂತ ಜಾಸ್ತಿ ಬಂದರೆ ಅಲ್ಲಿಗೆ ಮುಗಿಯಿತು. ಬರದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವರು ಹೊರಗೆ. ಅವರನ್ನು ಮೊದಲಿಗೆ ಬರೆದವರ ಮತಪತ್ರಗಳನ್ನು ಎತ್ತಿಕೊಂಡು, ಅದರಲ್ಲಿ ಎರಡನೆಯವರು ಯಾರೋ ಅವರ ಲೆಕ್ಕಕ್ಕೆ ಸೇರಿಸುತ್ತಾರೆ. ಆಮೇಲೆ ಮತ್ತೆ ಕೊನೆಯವರು ಹೊರಗೆ, ಮತ್ತೆ ಹಂಚಿಕೆ. ಹೀಗೆ ಸುತ್ತಿನ ಮೇಲೆ ಸುತ್ತು, ಕಣದಲ್ಲಿ ಇಬ್ಬರು ಉಳಿಯುವವರೆಗೆ.

ಇದನ್ನು ಓದಿ ಊರಿನಲ್ಲಿರುವ ಮೇಷ್ಟ್ರುಗಳು, ಪದವೀಧರರು "ಇದು ನಮಗೆ ಗೊತ್ತಿರೋದೇ ಅಲ್ವಾ" ಅನ್ನಬಹುದು. ನಮ್ಮ ಅಪ್ಪ ಅದನ್ನೇ ಅಂದರು. ಅಪ್ಪ ಹಾಸನ ಜಿಲ್ಲೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಅವರು ಇಲ್ಲಿಗೆ ಬಂದಿದ್ದಾಗ ಕ್ವೀನ್ಸ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಮಾದರಿ ಮತಪತ್ರ ಹರಡಿಕೊಂಡು ನಾನು ವಿವರಿಸಲು ಶುರು ಮಾಡಿದೆ. ಅರ್ಧಕ್ಕೇ ನಿಲ್ಲಿಸಿದರು.

"ಇದರಲ್ಲೇನಮ್ಮಾ ಹೊಸದು? ಇದು ನಮ್ಮ ಶಿಕ್ಷಕರ ಕ್ಷೇತ್ರದ ಓಟು ಕಣಮ್ಮಾ."

ನಿಜ. ನಮ್ಮ ವಿಧಾನ ಪರಿಷತ್ತಿಗೆ ಪದವೀಧರ ಕ್ಷೇತ್ರಗಳಿಂದ ಏಳು ಜನ, ಶಿಕ್ಷಕರ ಕ್ಷೇತ್ರಗಳಿಂದ ಏಳು ಜನ ಆಯ್ಕೆಯಾಗುವುದು ಪ್ರಾಶಸ್ತ್ಯದ ಮತದಿಂದಲೇ. ಹಾಸನದ ಮೇಷ್ಟ್ರುಗಳು ದಕ್ಷಿಣ ಶಿಕ್ಷಕರ ಕ್ಷೇತ್ರದವರು, ಮೈಸೂರು, ಮಂಡ್ಯ, ಚಾಮರಾಜನಗರದವರ ಜೊತೆ. ಅಲ್ಲಿ ಇವಿಎಂ ಇಲ್ಲ, ಕಾಗದದ ಮತಪತ್ರ. ಹೆಸರಿನ ಮುಂದೆ ಅಂಕಿ ಬರೆಯಬೇಕು, ಅದೂ ಮತಗಟ್ಟೆಯಲ್ಲಿ ಅವರೇ ಕೊಡುವ ನೇರಳೆ ಬಣ್ಣದ ಪೆನ್ನಿನಿಂದ. ಟಿಕ್ ಹಾಕಿದರೆ ಕುಲಗೆಟ್ಟಿತು, ಸಹಿ ಮಾಡಿದರೆ ಕುಲಗೆಟ್ಟಿತು. ಅಂಕಿಯನ್ನು 1, 2, 3 ಎಂದೂ ಬರೆಯಬಹುದು, ಕನ್ನಡದಲ್ಲಿ ೧, ೨, ೩ ಎಂದೂ ಬರೆಯಬಹುದು. ಅಪ್ಪ ಯಾವಾಗಲೂ ಕನ್ನಡ ಅಂಕಿಯನ್ನೇ ಬರೆಯುತ್ತಿದ್ದರಂತೆ.

ಆವತ್ತು ಅಪ್ಪ ಹೇಳಿದ ಇನ್ನೊಂದು ಸಂಗತಿಗಾಗಿಯೇ ನಾನು ಈ ಬರಹ ಬರೆಯುತ್ತಿದ್ದೇನೆ. ಚುನಾವಣೆ ಹತ್ತಿರ ಬಂದಾಗ ಅಭ್ಯರ್ಥಿಗಳ ಕಡೆಯವರು ಸ್ಟಾಫ್ ರೂಮಿಗೆ ಬರುತ್ತಿದ್ದರು. ಕೈಮುಗಿದು ಒಂದೇ ಮಾತು: "ಮೇಷ್ಟ್ರೇ, ನಮ್ಮೋರಿಗೆ ಒಂದು ಹಾಕಿ. ಇನ್ಯಾರಿಗೂ ಏನೂ ಹಾಕ್ಬೇಡಿ. ಎರಡು ಅಂತ ಬೇರೆಯವರಿಗೆ ಹಾಕಿದ್ರೆ ನಮ್ಮ ಓಟು ಒಡೆದುಹೋಗುತ್ತೆ." ಸುಮಾರು ಮೇಷ್ಟ್ರುಗಳು ಇದನ್ನು ನಂಬುತ್ತಿದ್ದರಂತೆ. ಅಪ್ಪನಿಗೆ ಇದು ಲೆಕ್ಕ ತಪ್ಪು ಮಾಡಿದ ಹುಡುಗನನ್ನು ಕಂಡಷ್ಟೇ ಸಿಟ್ಟು. ಸ್ಟಾಫ್ ರೂಮಿನ ನೋಟೀಸ್ ಹಲಗೆಯ ಪಕ್ಕದ ಕರಿಹಲಗೆಯಲ್ಲಿ ನಾಲ್ಕು ಹೆಸರು ಬರೆದು, ಸುತ್ತು ಸುತ್ತಾಗಿ ಎಣಿಸಿ ತೋರಿಸಿದ್ದರಂತೆ. "ನೀವು ಒಂದು ಅಂತ ಬರೆದವನು ಕಣದಲ್ಲಿ ಇರೋವರೆಗೂ ನಿಮ್ಮ ಎರಡನ್ನ ಯಾರೂ ನೋಡೋದೇ ಇಲ್ಲ ಕಣ್ರೀ. ಅವನು ಸೋತು ಮನೆಗೆ ಹೋದಮೇಲೆ ತಾನೇ ಅದು ಲೆಕ್ಕಕ್ಕೆ ಬರೋದು? ಮನೆಗೆ ಹೋದವನ ಓಟು ಒಡೆಯೋದು ಹೇಗೆ?"

ಈ ಪದ್ಧತಿಯ ಜೀವ ಇರುವುದು ಇಲ್ಲೇ. ಎರಡನೆಯ ಅಂಕಿ ಮೊದಲನೆಯದಕ್ಕೆ ಎಂದೂ ಪೆಟ್ಟು ಕೊಡುವುದಿಲ್ಲ. ಆದರೂ ಅಲ್ಲಿ ಸ್ಟಾಫ್ ರೂಮಿನಲ್ಲಿದ್ದ ಹೆದರಿಕೆಯೇ ಇಲ್ಲಿ ಕ್ವೀನ್ಸ್‌ನ ಲಾಂಡ್ರಿ ಕೋಣೆಯಲ್ಲೂ ಇದೆ. ಸಮುದ್ರದಾಚೆಗೂ ಜನ ಅದೇ ಜನ.

ನ್ಯೂಯಾರ್ಕಿಗೆ ಈ ಪದ್ಧತಿ ಬಂದ ಕಥೆ ಹೇಳುತ್ತೇನೆ. ಮೊದಲು ಇಲ್ಲಿ ಪ್ರೈಮರಿಯಲ್ಲಿ ಮೇಯರ್‌ನಂಥ ಇಡೀ ನಗರದ ಹುದ್ದೆಗಳಿಗೆ ಯಾರಿಗೂ ನೂರಕ್ಕೆ 40 ಓಟು ಬರದಿದ್ದರೆ, ಮೊದಲಿಬ್ಬರ ನಡುವೆ ಮತ್ತೊಮ್ಮೆ ಚುನಾವಣೆ ನಡೆಯುತ್ತಿತ್ತು. 2013ರಲ್ಲಿ ಪಬ್ಲಿಕ್ ಅಡ್ವೊಕೇಟ್ ಅನ್ನುವ, ಜನರ ದೂರುಗಳನ್ನು ಕೇಳುವ ಹುದ್ದೆಗೆ ಲೆಟಿಷಿಯಾ ಜೇಮ್ಸ್ ಮತ್ತು ಡೇನಿಯಲ್ ಸ್ಕ್ವಾಡ್ರನ್ ನಡುವೆ ಹೀಗೆ ಎರಡನೇ ಸಲ ಚುನಾವಣೆಯಾಯಿತು. ಖರ್ಚು ಸುಮಾರು 1 ಕೋಟಿ 30 ಲಕ್ಷ ಡಾಲರ್. ಆ ಕಚೇರಿಯ ಇಡೀ ವರ್ಷದ ಬಜೆಟ್ಟೇ ಅದರ ಕಾಲು ಭಾಗಕ್ಕಿಂತ ಕಡಿಮೆ! ಬಂದು ಓಟು ಹಾಕಿದವರೂ ಬೆರಳೆಣಿಕೆಯಷ್ಟು. ಮತ್ತೊಂದು ಸಲ ಜನರನ್ನು ಕರೆಯುವ ಬದಲು, ಅವರು ಬಂದಾಗಲೇ "ಇವರು ಸೋತರೆ ನಿಮ್ಮ ಓಟು ಯಾರಿಗೆ?" ಎಂದು ಕೇಳಿಬಿಟ್ಟರೆ ಆಗದೇ? 2019ರ ನವೆಂಬರ್‌ನಲ್ಲಿ ಇದನ್ನೇ ಜನರ ಮುಂದಿಟ್ಟರು. ನೂರಕ್ಕೆ 70ಕ್ಕಿಂತ ಜಾಸ್ತಿ ಜನ ಹೂಂ ಅಂದರು. 2021ರಿಂದ ಮೇಯರ್, ಹಣಕಾಸು ನೋಡುವ ಕಂಟ್ರೋಲರ್, ಪಬ್ಲಿಕ್ ಅಡ್ವೊಕೇಟ್, ಬರೋ (ಕ್ವೀನ್ಸ್‌ನಂಥ ನಗರದ ದೊಡ್ಡ ವಿಭಾಗ) ಅಧ್ಯಕ್ಷರು, ಸಿಟಿ ಕೌನ್ಸಿಲ್ ಸದಸ್ಯರು, ಇಷ್ಟೂ ಹುದ್ದೆಗಳ ಪ್ರೈಮರಿಗೆ ಮತ್ತು ಮಧ್ಯಂತರ ಚುನಾವಣೆಗಳಿಗೆ ಐದು ಕಾಲಂನ ಮತಪತ್ರ ಬಂತು.

ಈ ನಗರಕ್ಕೂ ಅದು ಪೂರ್ತಿ ಹೊಸದಲ್ಲ. 1937ರಿಂದ 1945ರವರೆಗೆ ಇಲ್ಲಿನ ಸಿಟಿ ಕೌನ್ಸಿಲನ್ನು ಪ್ರಾಶಸ್ತ್ಯದ ಮತದಿಂದಲೇ ಆರಿಸುತ್ತಿದ್ದರು, ಅದೂ ಒಂದೊಂದು ಬರೋದಿಂದ ಹಲವು ಸದಸ್ಯರು ಬರುವ ಹಾಗೆ. ಆ ಕೌನ್ಸಿಲಿಗೆ ಮೊದಲ ಕರಿಯ ಸದಸ್ಯನಾಗಿ ಆಡಮ್ ಕ್ಲೇಟನ್ ಪವೆಲ್ 1941ರಲ್ಲಿ ಗೆದ್ದದ್ದು ಈ ಪದ್ಧತಿಯಲ್ಲೇ. ಕಮ್ಯುನಿಸ್ಟರೂ ಒಬ್ಬಿಬ್ಬರು ಗೆದ್ದರು. ಶೀತಲ ಸಮರದ ಹೊತ್ತು ಬೇರೆ. 1947ರಲ್ಲಿ ಆ ಪದ್ಧತಿಯನ್ನೇ ಕಿತ್ತುಹಾಕಿದರು.

ನನಗೆ ಪೌರತ್ವ ಸಿಕ್ಕಿದ ಮೇಲೆ ಹಾಕಿದ ಮೊದಲ ನಗರ ಚುನಾವಣೆಯ ಓಟು 2021ರ ಜೂನ್ 22ರದ್ದು. ಮೇಯರ್‌ಗೆ 13 ಜನ. ನಾನು ಒಂದು ಅಂತ ತುಂಬಿದ್ದು ಕ್ಯಾಥ್ರಿನ್ ಗಾರ್ಸಿಯಾ ಅವರಿಗೆ. ನಗರದ ಕಸ ವಿಲೇವಾರಿ ಇಲಾಖೆಯನ್ನು ವರ್ಷಾನುಗಟ್ಟಲೆ ನಡೆಸಿದ್ದ ಹೆಂಗಸು. ಚಳಿಗಾಲದಲ್ಲಿ ಹಿಮ ತೆಗೆಸುವುದೂ ಅದೇ ಇಲಾಖೆ. ನಗರ ಅಂದರೆ ಮೊದಲು ಕಸ, ನೀರು, ರಸ್ತೆ, ಆಮೇಲೆ ಉಳಿದದ್ದು ಅನ್ನುವವಳು ನಾನು. ಸಮೀಕ್ಷೆಗಳಲ್ಲಿ ಬಹಳ ಕಾಲ ಅವರು ತುಂಬಾ ಹಿಂದಿದ್ದರು. ಹಳೆಯ ಪದ್ಧತಿಯಾಗಿದ್ದರೆ "ಗೆಲ್ಲೋ ಕುದುರೆ ಅಲ್ಲ, ಸುಮ್ನೆ ಯಾಕೆ ಓಟು ದಂಡ ಮಾಡೋದು" ಅಂದುಕೊಂಡು ಬೇರೆಯವರಿಗೆ ಹಾಕುತ್ತಿದ್ದೆನೋ ಏನೋ. ಐದು ಕಾಲಂ ಇದ್ದದ್ದರಿಂದ ಮನಸ್ಸಿಗೆ ಬಂದವರನ್ನೇ ಮೊದಲಿಗೆ ಬರೆದೆ.

ನಮ್ಮ ಮಹಡಿಯಲ್ಲೇ ಎದುರುಮನೆಯಲ್ಲಿ ಗಯಾನಾದಿಂದ ಬಂದ ನಿವೃತ್ತ ನರ್ಸ್ ಒಬ್ಬರಿದ್ದಾರೆ. ಅವರೂ ನಾನೂ ಒಟ್ಟಿಗೇ ಮತಗಟ್ಟೆಗೆ ನಡೆದುಕೊಂಡು ಹೋದೆವು. ಬರುವಾಗ ಅವರೇ ಹೇಳಿದರು: ಮಾಯಾ ವೈಲಿಗೆ ಮೊದಲನೆಯದು, ಆಂಡ್ರೂ ಯಾಂಗ್‌ಗೆ ಎರಡನೆಯದು, ಅಷ್ಟೇ. ಎರಿಕ್ ಆಡಮ್ಸ್ ಕಂಡರೆ ಈ ನರ್ಸ್‌ಗೆ ಸುತರಾಂ ಇಷ್ಟವಿರಲಿಲ್ಲ. ಗಾರ್ಸಿಯಾ ಬಗ್ಗೆ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. "ಉಳಿದವರು ಯಾರೂ ನನಗೆ ಬೇಕಿಲ್ಲ. ಬೇಡದವರಿಗೆ ಮೂರು, ನಾಲ್ಕು ಅಂತ ಯಾಕೆ ಕೊಡಲಿ?" ಅಂದರು.

ಈಗ ಎಣಿಕೆ ನೋಡಿ. ಮೊದಲ ಸುತ್ತಿನಲ್ಲಿ ಆಡಮ್ಸ್‌ಗೆ ನೂರಕ್ಕೆ 30ರ ಮೇಲೆ ಸ್ವಲ್ಪ, ವೈಲಿಗೆ 21ರ ಆಸುಪಾಸು, ಗಾರ್ಸಿಯಾಗೆ 20ರ ಹತ್ತಿರ, ಯಾಂಗ್‌ಗೆ 12. ಸಣ್ಣಪುಟ್ಟವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಹೋದರು. ನಂತರ ಯಾಂಗ್ ಹೊರಗೆ ಬಿದ್ದರು. ಅವರ ಓಟುಗಳಲ್ಲಿ ತುಂಬಾ ಗಾರ್ಸಿಯಾ ಕಡೆ ಹರಿದು, ಮೂರನೆಯವರಾಗಿದ್ದ ಗಾರ್ಸಿಯಾ ವೈಲಿಯನ್ನು ದಾಟಿ ಎರಡನೆಯವರಾದರು. ಆಮೇಲೆ ವೈಲಿ ಹೊರಗೆ. ಎಂಟನೆಯ ಮತ್ತು ಕೊನೆಯ ಸುತ್ತಿನಲ್ಲಿ ಉಳಿದದ್ದು ಆಡಮ್ಸ್ ಮತ್ತು ಗಾರ್ಸಿಯಾ. ಆಡಮ್ಸ್‌ಗೆ 4,04,513. ಗಾರ್ಸಿಯಾಗೆ 3,97,316. ಅಂತರ 7,197.

ಆ ಕೊನೆಯ ಸುತ್ತಿಗೆ ಬರುವ ಹೊತ್ತಿಗೆ ಸುಮಾರು 1 ಲಕ್ಷ 40 ಸಾವಿರ ಮತಪತ್ರಗಳು ಮುಗಿದುಹೋಗಿದ್ದವು. ಮುಗಿದುಹೋಗಿದ್ದವು ಅಂದರೆ, ಅವುಗಳಲ್ಲಿ ಬರೆದಿದ್ದ ಎಲ್ಲರೂ ಸೋತು ಹೋಗಿದ್ದರು. ಆಡಮ್ಸ್ ಹೆಸರೂ ಇಲ್ಲ, ಗಾರ್ಸಿಯಾ ಹೆಸರೂ ಇಲ್ಲ. ಹಾಗಾಗಿ ಕೊನೆಯ ಲೆಕ್ಕದಲ್ಲಿ ಅವು ಯಾರ ಕಡೆಗೂ ಇಲ್ಲ. ಗೆಲುವಿನ ಅಂತರ ಏಳು ಸಾವಿರ ಚಿಲ್ಲರೆ, ಹೊರಗುಳಿದ ಮತಪತ್ರ ಲಕ್ಷದ ಮೇಲೆ. ನಮ್ಮ ಎದುರುಮನೆಯವರದೂ ಅದರಲ್ಲಿ ಒಂದು. ಸುತರಾಂ ಬೇಡವಾಗಿದ್ದವರೇ ಗೆದ್ದರು. ಅವರನ್ನು ತಡೆಯಬಹುದಾಗಿದ್ದ ಕಡೆಗೆ ಇವರ ಓಟು ಹೋಗಲೇ ಇಲ್ಲ.

ಆ ಹೊರಗುಳಿದವರೆಲ್ಲ ಗಾರ್ಸಿಯಾ ಕಡೆಗೇ ಬರುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಅರ್ಧ ಆಡಮ್ಸ್ ಕಡೆ ಹೋಗಿದ್ದರೂ ಹೋಗಬಹುದಿತ್ತು. "ಇಬ್ಬರೂ ನನಗೆ ಒಂದೇ, ಯಾರು ಬಂದರೇನು" ಅಂತ ಯೋಚಿಸಿಯೇ ಖಾಲಿ ಬಿಟ್ಟವರೂ ಇರುತ್ತಾರೆ. ಅದು ಅವರ ಹಕ್ಕು. ನನ್ನ ಸಂಕಟ ಯೋಚಿಸದೆ ಖಾಲಿ ಬಿಟ್ಟವರ ಬಗ್ಗೆ. ಎದುರುಮನೆಯವರಿಗೆ ಇಬ್ಬರೂ ಒಂದೇ ಆಗಿರಲಿಲ್ಲ. ಒಬ್ಬರು ಬೇಡವೇ ಬೇಡ, ಇನ್ನೊಬ್ಬರು ಪರವಾಗಿಲ್ಲ. ಅಷ್ಟು ದೊಡ್ಡ ವ್ಯತ್ಯಾಸ ಮನಸ್ಸಿನಲ್ಲಿತ್ತು, ಕಾಗದದ ಮೇಲೆ ಬರಲಿಲ್ಲ. ಐದು ಕಾಲಂ ಇದ್ದವು, ಮೂರು ಖಾಲಿ.

ಬೇಡದವರಿಗೆ ನಾಲ್ಕನೇ ಸ್ಥಾನ ಯಾಕೆ ಕೊಡಲಿ ಎಂಬ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇದು. ನಾಲ್ಕು ಅನ್ನುವುದು ಬಹುಮಾನ ಅಲ್ಲ, ಮೆಚ್ಚುಗೆಯೂ ಅಲ್ಲ. ಅದು ಒಂದು ಪ್ರಶ್ನೆಗೆ ಉತ್ತರ ಅಷ್ಟೇ: ನಿಮಗೆ ಬೇಕಾದವರೆಲ್ಲ ಸೋತು ಈ ಇಬ್ಬರೇ ಉಳಿದರೆ, ಯಾರ ಕೈಯಲ್ಲಿ ನಗರವನ್ನು ಕೊಡುತ್ತೀರಿ? ಮೇಯರ್ ಕುರ್ಚಿ ಖಾಲಿ ಇರುವುದಿಲ್ಲ. ಇಬ್ಬರಲ್ಲಿ ಒಬ್ಬರು ಕೂತೇ ಕೂರುತ್ತಾರೆ. ಮೊದಲ ಅಂಕಿ ಬರೆಯುವುದು ಸುಲಭ, ಅಲ್ಲಿ ಪ್ರೀತಿ ಇರುತ್ತದೆ. ಕೊನೆಯ ಅಂಕಿಗಳನ್ನು ಬರೆಯಲು ಯೋಚನೆ ಬೇಕು. ಅಲ್ಲಿ ಇಷ್ಟವಿಲ್ಲದವರ ನಡುವೆ ಆರಿಸಬೇಕು. ಈ ಪದ್ಧತಿಯ ನಿಜವಾದ ಕೆಲಸ ಆಗುವುದು ಅಲ್ಲೇ ಎಂದು 2021ರ ನಂತರ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಅದರ ಜೊತೆಗೆ ಇನ್ನೊಂದು ಸ್ವಾರಸ್ಯ. ನನ್ನ ಮೊದಲ ಆಯ್ಕೆ ಕೊನೆಯ ಸುತ್ತಿನವರೆಗೂ ಇದ್ದದ್ದರಿಂದ, ನಾನು ವಾರಗಟ್ಟಲೆ ತಲೆಕೆಡಿಸಿಕೊಂಡು ಬರೆದ ಎರಡು, ಮೂರು, ನಾಲ್ಕು, ಐದನ್ನು ಯಾರೂ ನೋಡಲೇ ಇಲ್ಲ! ಅಪ್ಪ ಕರಿಹಲಗೆಯಲ್ಲಿ ತೋರಿಸಿದ್ದು ಅದನ್ನೇ.

ಅಪ್ಪನ ಜೊತೆ ಈ ಮಾತು ಬಂದಾಗ ಅವರು ನೇರ 1969ಕ್ಕೆ ಹೋದರು. ಆಗ ಅವರಿಗೆ ಇಪ್ಪತ್ತು ದಾಟಿತ್ತಷ್ಟೇ, ರೇಡಿಯೋ ಮುಂದೆ ಕೂತಿದ್ದು ಈಗಲೂ ನೆನಪಿದೆಯಂತೆ. ನಮ್ಮ ರಾಷ್ಟ್ರಪತಿಗಳನ್ನು ಆರಿಸುವುದೂ ಪ್ರಾಶಸ್ತ್ಯದ ಮತದಿಂದಲೇ, ಆದರೆ ಎರಡನೇ ಪ್ರಾಶಸ್ತ್ಯ ಎಣಿಸಿ ಫಲಿತಾಂಶ ನಿರ್ಧಾರವಾದದ್ದು ಆ ಒಂದೇ ಸಲ. ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಇಂದಿರಾ ಗಾಂಧಿಯವರ ಮನಸ್ಸು ವಿ.ವಿ. ಗಿರಿಯವರ ಕಡೆ. ಪಕ್ಷದ ಅಧ್ಯಕ್ಷರು ನಮ್ಮವರೇ, ಎಸ್. ನಿಜಲಿಂಗಪ್ಪ. ಸ್ವತಂತ್ರ ಪಕ್ಷ, ಜನಸಂಘಗಳು ಸಿ.ಡಿ. ದೇಶಮುಖ್ ಅವರನ್ನು ನಿಲ್ಲಿಸಿದ್ದವು. ನಿಜಲಿಂಗಪ್ಪನವರು ಆ ಪಕ್ಷಗಳ ಮುಖಂಡರ ಹತ್ತಿರ ಹೋಗಿ, ನಿಮ್ಮ ಎರಡನೇ ಪ್ರಾಶಸ್ತ್ಯ ರೆಡ್ಡಿಯವರಿಗೆ ಕೊಡಿ ಎಂದು ಕೇಳಿದರು. ಇಂದಿರಾ ಕಡೆಯವರು ಅದನ್ನೇ ಹಿಡಿದುಕೊಂಡು, ಬಲಪಂಥೀಯರ ಜೊತೆ ಒಳ ಒಪ್ಪಂದ ಎಂದು ಗದ್ದಲ ಎಬ್ಬಿಸಿ, ಆತ್ಮಸಾಕ್ಷಿಗೆ ಓಟು ಹಾಕಿ ಎಂದರು.

ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖ್‌ರಿಗೆ 1,12,769. ಗೆಲ್ಲಲು ಬೇಕಾದದ್ದು 4,18,169. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ನಿಜಲಿಂಗಪ್ಪನವರು ಕೇಳಿದ ಎರಡನೇ ಓಟುಗಳು ಬಂದವು, ರೆಡ್ಡಿಯವರ ಲೆಕ್ಕ 90 ಸಾವಿರದಷ್ಟು ಏರಿತು. ಆದರೆ ಗಿರಿಯವರು ಆಗಲೇ ಹೊಸಿಲ ಹತ್ತಿರ ಇದ್ದರು. ಅದೇ ವರ್ಷ ಕಾಂಗ್ರೆಸ್ ಇಬ್ಭಾಗವಾಯಿತು.

ಎದುರಾಳಿಯ ಬೆಂಬಲಿಗರ ಹತ್ತಿರ ಹೋಗಿ "ನಿಮ್ಮ ಎರಡನೆಯದು ನನಗಿರಲಿ" ಎಂದು ಕೇಳುವುದು ಆಗ ದೊಡ್ಡ ಅಪರಾಧದ ಹಾಗೆ ಕಂಡಿತ್ತು. ನನಗೆ ಅದು ಈ ಪದ್ಧತಿಯ ಅತ್ಯಂತ ಒಳ್ಳೆಯ ಗುಣವಾಗಿ ಕಾಣುತ್ತದೆ. ಎರಡನೇ ಅಂಕಿ ಬೇಕಾದವನು ಮೊದಲನೆಯವನನ್ನು ಬೈಯುವ ಹಾಗಿಲ್ಲ. 2021ರಲ್ಲಿ ಚುನಾವಣೆಗೆ ಮೂರು ದಿನ ಮುಂಚೆ ಯಾಂಗ್ ಮತ್ತು ಗಾರ್ಸಿಯಾ ಒಟ್ಟಿಗೆ ಪ್ರಚಾರಕ್ಕೆ ಬಂದರು. ಯಾಂಗ್ ತಮ್ಮವರಿಗೆ, ಎರಡನೆಯದು ಗಾರ್ಸಿಯಾಗೆ ಹಾಕಿ ಎಂದರು. ಗಾರ್ಸಿಯಾ ತಮ್ಮವರಿಗೆ ಹಾಗೆ ಹೇಳಲಿಲ್ಲ. ಆಡಮ್ಸ್ ಈ ಜೋಡಿಯನ್ನು ಕಟುವಾಗಿ ಟೀಕಿಸಿದರು. 2025ರಲ್ಲಿ ಜೊಹ್ರಾನ್ ಮಮ್ದಾನಿ ಮತ್ತು ಬ್ರ್ಯಾಡ್ ಲ್ಯಾಂಡರ್ ಅದನ್ನು ಇನ್ನೂ ಮುಂದಕ್ಕೆ ಒಯ್ದರು. ಒಬ್ಬರನ್ನು ಮೊದಲನೆಯದು ಮಾಡಿದವರು ಇನ್ನೊಬ್ಬರನ್ನು ಎರಡನೆಯದು ಮಾಡಿ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿದರು. ಒಂದೇ ಕುರ್ಚಿಗೆ ನಿಂತ ಇಬ್ಬರು ಒಂದೇ ವೇದಿಕೆಯಲ್ಲಿ ನಗುತ್ತಾ ನಿಂತಿದ್ದನ್ನು ನೋಡಿ ನನಗಂತೂ ತುಂಬಾ ಖುಷಿಯಾಯಿತು.

2025ರ ಜೂನ್ 24. ಸುಡುಸುಡು ಬಿಸಿಲು, ಇಲ್ಲಿನ ಲೆಕ್ಕದಲ್ಲಿ 99 ಡಿಗ್ರಿ, ನಮ್ಮ ಲೆಕ್ಕದಲ್ಲಿ 37. ಮತಗಟ್ಟೆ ಒಂದು ಶಾಲೆಯ ಜಿಮ್. ಟೇಬಲ್ಲಿನ ಹಿಂದಿದ್ದ ಹುಡುಗಿ ಐಪ್ಯಾಡಿನಲ್ಲಿ ಸಹಿ ಹಾಕಿಸಿಕೊಂಡು, ಮತಪತ್ರವನ್ನು ಒಂದು ಫೋಲ್ಡರ್‌ನಲ್ಲಿಟ್ಟು ಕೊಟ್ಟಳು. ಕ್ವೀನ್ಸ್‌ನಲ್ಲಿ ಮತಪತ್ರ ಇಂಗ್ಲಿಷ್, ಸ್ಪ್ಯಾನಿಷ್, ಚೀನೀ, ಕೊರಿಯನ್ ಜೊತೆಗೆ ಬಂಗಾಳಿಯಲ್ಲೂ ಇರುತ್ತದೆ. ಪಕ್ಕದ ಮೇಜಿನಲ್ಲಿ ಒಬ್ಬ ಬಂಗಾಳಿ ಅಜ್ಜ ತಮ್ಮ ಚೀಟಿ ತೆಗೆದು, ಬೆರಳಿನಿಂದ ಒಂದೊಂದೇ ಹೆಸರು ಹಿಡಿದು, ಕಾಲಂ ಎಣಿಸಿಕೊಂಡು ಸೊನ್ನೆ ತುಂಬುತ್ತಿದ್ದರು. ಮೇಯರ್ ಮುಗಿಸಿ ಕೆಳಗಿನ ಹುದ್ದೆಗೆ ಬಂದಾಗ ಚೀಟಿ ಮಗುಚಿದರು. ಹಿಂದೆಯೂ ಬರೆದುಕೊಂಡಿದ್ದರು. ಅಷ್ಟು ಶ್ರದ್ಧೆಯಿಂದ ಓಟು ಹಾಕುವವರನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ನಾನೂ ಮನೆಯಲ್ಲೇ ಬರೆದುಕೊಂಡು ಹೋಗಿದ್ದೆ. ಮೇಯರ್ ಹುದ್ದೆಯ ಐದು ಹೆಸರು ಹೊಂದಿಸುವುದು ಅಷ್ಟು ಕಷ್ಟವಾಗಲಿಲ್ಲ, ಎಲ್ಲರ ಬಗ್ಗೆಯೂ ಪತ್ರಿಕೆಯಲ್ಲಿ, ಟಿವಿಯಲ್ಲಿ ಬೇಕಾದಷ್ಟು ಬಂದಿತ್ತು. ಕಷ್ಟ ಇರುವುದು ಕೌನ್ಸಿಲಿನಲ್ಲಿ. ನಮ್ಮ ಬೀದಿಯ ಮರ, ಬಸ್ ಲೇನ್, ಪಾರ್ಕಿಂಗ್, ಶಾಲೆಯ ಪಕ್ಕದ ಜಾಗದಲ್ಲಿ ಏನು ಕಟ್ಟಬೇಕು ಎಂಬುದರಲ್ಲೆಲ್ಲ ಕೌನ್ಸಿಲ್ ಸದಸ್ಯರ ಮಾತಿಗೆ ಬೆಲೆಯಿದೆ. ಆದರೆ ಅವರ ಬಗ್ಗೆ ಬರೆಯುವವರು ಯಾರೂ ಇಲ್ಲ. ನಗರದ ಕಡೆಯಿಂದ ಮನೆಗೆ ಬರುವ ಮತದಾರರ ಕೈಪಿಡಿಯಲ್ಲಿ ಅವರೇ ತಮ್ಮ ಬಗ್ಗೆ ಬರೆದುಕೊಂಡ ಒಂದು ಪುಟ ಇರುತ್ತದೆ, ಅಷ್ಟೇ. ಒಬ್ಬರನ್ನು ಆರಿಸುವುದಕ್ಕೂ ಮೂರ್ನಾಲ್ಕು ಜನರನ್ನು ಸಾಲಾಗಿ ನಿಲ್ಲಿಸುವುದಕ್ಕೂ ತುಂಬಾ ವ್ಯತ್ಯಾಸವಿದೆ. ಒಬ್ಬರಾದರೆ ಮುಖ ನೋಡಿ ಹಾಕಬಹುದು. ಸಾಲು ಹಚ್ಚಬೇಕಾದರೆ ಓದಲೇಬೇಕು. ಎರಡು ಪಾಳಿ ಕೆಲಸ ಮಾಡುವವರಿಗೆ ಈ ಹೋಂವರ್ಕ್ ಮಾಡಲು ಪುರುಸೊತ್ತು ಎಲ್ಲಿಂದ ಬರಬೇಕು? ಈ ಪದ್ಧತಿಯ ವಿರುದ್ಧ ಹೇಳುವ ಮಾತುಗಳಲ್ಲಿ ನನ್ನನ್ನು ನಿಜಕ್ಕೂ ತಟ್ಟುವುದು ಇದೊಂದೇ. ಅದಕ್ಕೆ ಪರಿಹಾರ ಕಾಲಂ ಕಡಿಮೆ ಮಾಡುವುದಲ್ಲ. ದೇವಸ್ಥಾನ, ಮಸೀದಿ, ಚರ್ಚು, ಲಾಂಡ್ರಿ ಕೋಣೆ, ಎಲ್ಲ ಕಡೆ ಕೂತು ಮಾತಾಡಬೇಕು.

ಆ ಸಲ ಇನ್ನೊಂದು ಪ್ರಚಾರವೂ ಜೋರಾಗಿತ್ತು: ಕಣದಲ್ಲಿದ್ದ ರಾಜ್ಯದ ಮಾಜಿ ಗವರ್ನರ್ ಆಂಡ್ರೂ ಕ್ಯುಮೊ ಅವರ ಹೆಸರನ್ನು ಯಾವ ಕಾಲಂನಲ್ಲೂ ತುಂಬಬೇಡಿ ಎಂದು. ಕೆಲವರಿಗೆ ಇದು ಅನ್ಯಾಯವಾಗಿ ಕಂಡಿತು. ನನಗೆ ಹಾಗನ್ನಿಸಲಿಲ್ಲ. ಒಬ್ಬರು ಬೇಡವೇ ಬೇಡ ಎಂದಾದರೆ ಅವರನ್ನು ಬಿಟ್ಟು ಉಳಿದ ಐವರನ್ನು ತುಂಬುವುದು ಸರಿಯಾದ ದಾರಿಯೇ. ಯಾವುದೇ ಕಾಲಂ ಖಾಲಿ ಬಿಡದೆ ಒಬ್ಬರನ್ನು ದೂರ ಇಡುವುದು ಬೇರೆ, ಸುಮ್ನೆ ಎರಡು ತುಂಬಿ ಎದ್ದು ಬರುವುದು ಬೇರೆ.

ಮೊದಲ ಆಯ್ಕೆಯಲ್ಲಿ ಮಮ್ದಾನಿಗೆ ನೂರಕ್ಕೆ 43ರ ಮೇಲೆ, ಕ್ಯುಮೊಗೆ 36ರ ಮೇಲೆ, ಲ್ಯಾಂಡರ್‌ಗೆ 11. ಕ್ಯುಮೊ ಆ ರಾತ್ರಿಯೇ ಸೋಲು ಒಪ್ಪಿಕೊಂಡರು. ಒಂದು ವಾರದ ನಂತರ ಉಳಿದ ಅಂಕಿಗಳನ್ನೂ ಎಣಿಸಿದಾಗ ಮಮ್ದಾನಿಗೆ 56, ಕ್ಯುಮೊಗೆ 44. ಲ್ಯಾಂಡರ್ ಮತ್ತಿತರ ಓಟುಗಳು ಎಲ್ಲಿಗೆ ಹೋದವು ಎಂಬುದು ಆ ಎರಡು ಸಾಲುಗಳ ನಡುವೆ ಕಾಣುತ್ತದೆ. ಹತ್ತು ಲಕ್ಷಕ್ಕೂ ಜಾಸ್ತಿ ಜನ ಓಟು ಹಾಕಿದ್ದರು.

ಒಂದು ವಾರ ಕಾಯುವುದು ಹಲವರಿಗೆ ಸಹನೆಯಾಗುವುದಿಲ್ಲ. 2021ರಲ್ಲಿ ಅದಕ್ಕೆ ಕಾರಣವೂ ಇತ್ತು. ಜೂನ್ 29ರಂದು ಚುನಾವಣಾ ಮಂಡಳಿ ಪ್ರಕಟಿಸಿದ ಎಣಿಕೆಯಲ್ಲಿ, ಸಾಫ್ಟ್‌ವೇರ್ ಪರೀಕ್ಷೆಗೆಂದು ಹಾಕಿದ್ದ ಸುಮಾರು 1 ಲಕ್ಷ 35 ಸಾವಿರ ಮತಪತ್ರಗಳೂ ಸೇರಿಕೊಂಡಿದ್ದವು! ಅದೇ ದಿನ ಆ ಲೆಕ್ಕ ವಾಪಸ್ ತೆಗೆದುಕೊಂಡರು. ತಪ್ಪು ಪದ್ಧತಿಯದಲ್ಲ, ಎಣಿಸುವವರದು. ಆದರೆ ಆವತ್ತು ಹುಟ್ಟಿದ ಅನುಮಾನ ಈಗಲೂ ಕೆಲವರ ಮನಸ್ಸಿನಲ್ಲಿದೆ.

ಪದ್ಧತಿಯೊಳಗೇ ಒಂದು ನಿಜವಾದ ಊನವೂ ಇದೆ, ಅದನ್ನು ಮುಚ್ಚಿಡಬಾರದು. ವರ್ಮಾಂಟ್‌ನ ಬರ್ಲಿಂಗ್ಟನ್ ಅನ್ನುವ ಸಣ್ಣ ಊರಿನಲ್ಲಿ 2009ರ ಮೇಯರ್ ಚುನಾವಣೆಗೆ ಮೂವರು ಮುಖ್ಯ ಅಭ್ಯರ್ಥಿಗಳು: ಬಾಬ್ ಕಿಸ್, ಕರ್ಟ್ ರೈಟ್, ಆಂಡಿ ಮಾಂಟ್‌ರೋಲ್. ಮಾಂಟ್‌ರೋಲ್ ಮಧ್ಯದ ದಾರಿಯವರು. ಉಳಿದ ಇಬ್ಬರಲ್ಲಿ ಯಾರ ಎದುರು ಒಬ್ಬೊಬ್ಬರಾಗಿ ನಿಲ್ಲಿಸಿದ್ದರೂ ಗೆಲ್ಲುತ್ತಿದ್ದರು ಎಂದು ಆ ಮತಪತ್ರಗಳೇ ಹೇಳುತ್ತವೆ. ಆದರೆ ಮೊದಲ ಆಯ್ಕೆ ಕಡಿಮೆ ಬಂದದ್ದರಿಂದ ಅವರೇ ಮೊದಲು ಹೊರಬಿದ್ದರು. ಎಲ್ಲರಿಗೂ ಎರಡನೆಯವರಾದವರು, ಯಾರಿಗೂ ಮೊದಲನೆಯವರಾಗದಿದ್ದರೆ ಸೋಲುತ್ತಾರೆ. ಮರುವರ್ಷ ಆ ಊರು ಪದ್ಧತಿಯನ್ನೇ ಕೈಬಿಟ್ಟಿತು. ಹತ್ತು ಹನ್ನೆರಡು ವರ್ಷದ ನಂತರ ಮತ್ತೆ ತಂದುಕೊಂಡಿತು. ಬಿಟ್ಟು ನೋಡಿ ಮತ್ತೆ ಬೇಕು ಅಂದರು ಅನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ.

ಇಷ್ಟೆಲ್ಲ ಆದರೂ ನವೆಂಬರ್‌ನ ಮುಖ್ಯ ಚುನಾವಣೆಗೆ ಈ ಐದು ಕಾಲಂ ಇಲ್ಲ. ಕಾನೂನು ಪ್ರೈಮರಿಗೆ ಮತ್ತು ಮಧ್ಯಂತರಕ್ಕೆ ಮಾತ್ರ. 2025ರಲ್ಲಿ ಒಂದೇ ನಗರ, ಒಂದೇ ವರ್ಷ, ಹೆಚ್ಚುಕಡಿಮೆ ಅದೇ ಜನ, ಎರಡು ಪದ್ಧತಿ. ಎರಡರ ಗಾಳಿಯೇ ಬೇರೆ ಬೇರೆಯಾಗಿತ್ತು. ಜೂನ್‌ನಲ್ಲಿ ನಮ್ಮ ಕಟ್ಟಡದಲ್ಲಿ ಜನ ಕೇಳುತ್ತಿದ್ದದ್ದು, "ನಿಮ್ಮ ಮೂರನೆಯದು ಯಾರು?" ನವೆಂಬರ್‌ನಲ್ಲಿ ಕ್ಯುಮೊ ಸ್ವತಂತ್ರರಾಗಿ ಮತ್ತೆ ನಿಂತರು, ರಿಪಬ್ಲಿಕನ್ ಪಕ್ಷದಿಂದ ಕರ್ಟಿಸ್ ಸ್ಲಿವಾ ಇದ್ದರು. ಆಡಮ್ಸ್ ಸೆಪ್ಟೆಂಬರ್ ಕೊನೆಯಲ್ಲಿ ಹಿಂದೆ ಸರಿದರೂ ಅವರ ಹೆಸರು ಮತಪತ್ರದಲ್ಲಿ ಉಳಿದೇ ಇತ್ತು. ಎರಡು ತಿಂಗಳು ಎಲ್ಲಿ ನೋಡಿದರೂ ಒಂದೇ ಮಾತು: ಸ್ಲಿವಾ ಯಾಕೆ ಕಣ ಬಿಡುತ್ತಿಲ್ಲ, ಸ್ಲಿವಾಗೆ ಹಾಕಿದ ಓಟು ಮಮ್ದಾನಿಗೆ ಹಾಕಿದ ಹಾಗೆ. ನಗರಕ್ಕೆ ಯಾರು ಏನು ಮಾಡುತ್ತಾರೆ ಎಂಬ ಮಾತಿಗಿಂತ ಯಾರು ಯಾರ ಓಟು ತಿನ್ನುತ್ತಾರೆ ಎಂಬುದೇ ಜಾಸ್ತಿ. ನಮ್ಮ ಕಟ್ಟಡದ ಸೂಪರ್, ಅಂದರೆ ಕಟ್ಟಡ ನೋಡಿಕೊಳ್ಳುವವರು, ಸ್ಲಿವಾ ಅಭಿಮಾನಿ. "ನನಗೆ ಬೇಕಾದವನಿಗೆ ಓಟು ಹಾಕಬೇಡ ಅಂತ ಹೇಳೋಕೆ ಇವರೆಲ್ಲ ಯಾರು?" ಎಂದು ಲಿಫ್ಟಿನಲ್ಲಿ ನನ್ನ ಹತ್ತಿರ ರೇಗಾಡಿದರು. ಅವರು ಹೇಳಿದ್ದು ಸರಿ. ಆ ಪ್ರಶ್ನೆಯನ್ನೇ ಇಲ್ಲದಂತೆ ಮಾಡುವ ಮತಪತ್ರ ಐದು ತಿಂಗಳ ಹಿಂದೆ ಇದೇ ನಗರದಲ್ಲಿತ್ತು.

20 ಲಕ್ಷಕ್ಕೂ ಜಾಸ್ತಿ ಓಟು ಬಿತ್ತು, 1969ರ ನಂತರ ಇಲ್ಲಿನ ಯಾವ ಮೇಯರ್ ಚುನಾವಣೆಗೂ ಇಷ್ಟು ಜನ ಬಂದಿರಲಿಲ್ಲ. ಮಮ್ದಾನಿ ಅರ್ಧಕ್ಕಿಂತ ತುಸು ಜಾಸ್ತಿ ಪಡೆದು ಗೆದ್ದರು. ಹಾಗಾಗಿ ಐದು ಕಾಲಂ ಇದ್ದಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಫಲಿತಾಂಶ ಬದಲಾಗಲಿ ಎಂದು ನಾನು ಕೇಳುತ್ತಿಲ್ಲ. ಸ್ಲಿವಾಗೆ ಓಟು ಹಾಕಿದ ನೂರಕ್ಕೆ 7ರಷ್ಟು ಜನರಿಗೆ ಎರಡನೆಯವರು ಯಾರು ಎಂದು ಆ ಮತಪತ್ರ ಕೇಳಲೇ ಇಲ್ಲ. ಕೇಳಿದ್ದರೆ ನಮ್ಮ ಸೂಪರ್ ಅಷ್ಟು ಸಿಟ್ಟಾಗಬೇಕಿರಲಿಲ್ಲ, ಯಾರೂ ಯಾರನ್ನೂ ಕಣ ಬಿಡು ಎಂದು ಪೀಡಿಸಬೇಕಿರಲಿಲ್ಲ.

ಇಲ್ಲಿನ ಪ್ರೈಮರಿಯಲ್ಲಿ ಪಕ್ಷಕ್ಕೆ ಹೆಸರು ನೋಂದಾಯಿಸಿದವರು ಮಾತ್ರ ಓಟು ಹಾಕಬಹುದು. ಪಕ್ಷ ಬದಲಾಯಿಸುವುದಿದ್ದರೆ ಆ ವರ್ಷದ ಫೆಬ್ರವರಿ 14ರೊಳಗೆ ಅರ್ಜಿ ಹೋಗಬೇಕು. ನನಗೆ ಗೊತ್ತಿರುವ ಕನ್ನಡದ ಮನೆಗಳಲ್ಲಿ ಎಷ್ಟೋ ಜನ ಯಾವ ಪಕ್ಷವೂ ಬೇಡ ಎಂದು ಆ ಜಾಗ ಖಾಲಿ ಬಿಟ್ಟಿದ್ದಾರೆ. ಅವರಿಗೆ ಐದು ಕಾಲಂನ ಮತಪತ್ರ ಕೈಗೇ ಬರುವುದಿಲ್ಲ. ಪ್ರಾಶಸ್ತ್ಯದ ಮತ ನವೆಂಬರ್‌ಗೂ ಬಂದರೆ ಅವರಿಗೂ ಸಿಗುತ್ತದೆ. ಅದಕ್ಕೆ ನಗರದ ಚಾರ್ಟರ್, ಅಂದರೆ ನಗರದ ಮೂಲ ಕಾನೂನನ್ನು ತಿದ್ದಬೇಕು, 2019ರ ಹಾಗೆ ಮತ್ತೆ ಜನರ ಮುಂದೆ ಇಡಬೇಕು. ನಮ್ಮ ಕೌನ್ಸಿಲ್ ಕಚೇರಿಗೆ ಇದನ್ನೇ ಪತ್ರದಲ್ಲಿ ಬರೆದು ಕಳಿಸಿದ್ದೇನೆ. ಎದುರುಮನೆಯ ನರ್ಸ್ ಅದಕ್ಕೆ ನನ್ನ ಹೆಸರಿನ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.